ಜೋಳದ ಕಾಳಿನ ಸಾಲು: ಕಾಡು ಟರ್ಕಿ ಬೇಟೆಯ ಚರಿತ್ರೆ

ಕಾಡು ಟರ್ಕಿ ಉತ್ತರ ಅಮೆರಿಕದ ಹಕ್ಕಿ. ಹಗಲೆಲ್ಲ ನೆಲದ ಮೇಲೆ ಓಕ್ ಕಾಯಿ, ಹುಳುಹುಪ್ಪಟೆ ಕೆದಕಿ ತಿನ್ನುತ್ತದೆ; ಕತ್ತಲಾಗುವ ಹೊತ್ತಿಗೆ ಮರವೇರಿ ಕೂರುತ್ತದೆ. ಸಾಕು ಟರ್ಕಿ ಇದೇ ಜಾತಿಯ ಮೆಕ್ಸಿಕೊ ಬಳಗದಿಂದ ಬಂದದ್ದು. 16ನೆಯ ಶತಮಾನದಲ್ಲಿ ಸ್ಪೇನಿನವರು ಅದನ್ನು ಯುರೋಪಿಗೆ ಒಯ್ದರು. ಗೋವಾ ಬಂದರಿನಿಂದ 1612ರಲ್ಲಿ ಜಹಾಂಗೀರನ ಆಸ್ಥಾನಕ್ಕೆ ಬಂದ ಒಂದನ್ನು ಉಸ್ತಾದ್ ಮನ್ಸೂರ್ ಚಿತ್ರಿಸಿದ. ಆದರೆ ಕೊಬ್ಬಿ ನಿಂತ ಸಾಕು ಟರ್ಕಿಯನ್ನು ನೋಡಿ ಕಾಡಿನದನ್ನು ಅಳೆಯಲಾಗದು. ಕಾಡು ಟರ್ಕಿ ಗಂಟೆಗೆ 40 ಕಿ.ಮೀ. ಓಡುತ್ತದೆ, ಹಾರಲು ನಿಂತರೆ ಅದರ ಇಮ್ಮಡಿ. ಕಣ್ಣಂತೂ ಬಹಳ ಚುರುಕು.

ಮೂಲನಿವಾಸಿಗಳು ಈ ಹಕ್ಕಿಯ ಯಾವ ಭಾಗವನ್ನೂ ವ್ಯರ್ಥ ಮಾಡಲಿಲ್ಲ. ಇಂದಿನ ಅಮೆರಿಕದ ನೈಋತ್ಯ ಭಾಗದ ಪ್ಯೂಬ್ಲೊ ಜನರ ಪೂರ್ವಿಕರು ಗರಿಯನ್ನು ನೂಲಿಗೆ ಸುತ್ತಿ ಕಂಬಳಿ ನೇಯುತ್ತಿದ್ದರು. ವರ್ಜೀನಿಯಾದಲ್ಲಿ ಹುಂಜದ ಕಾಲಿನ ಮುಳ್ಳು ಬಾಣದ ಮೊನೆಯಾಗುತ್ತಿದ್ದುದನ್ನು 17ನೆಯ ಶತಮಾನದ ಆರಂಭದಲ್ಲಿ ಜಾನ್ ಸ್ಮಿತ್ ಬರೆದಿಟ್ಟಿದ್ದಾನೆ. ರೆಕ್ಕೆಯ ಟೊಳ್ಳು ಮೂಳೆಗಳನ್ನು ಒಂದಕ್ಕೊಂದು ತೂರಿಸಿ ಮಾಡಿದ ಊದುಕೊಳವೆಯೂ ಅವರಿಂದಲೇ ಬಂದದ್ದು. ಹೆಸರು ಊದುಕೊಳವೆಯಾದರೂ ಅದನ್ನು ಊದುವುದಿಲ್ಲ; ತುಟಿಗಿಟ್ಟು ಗಾಳಿಯನ್ನು ಒಳಗೆಳೆದುಕೊಂಡರೆ ಹೇಂಟೆಯ ಕೂಗು ಹೊರಡುತ್ತದೆ. ಇಂದಿಗೂ ಹಳೆಯ ಪಟ್ಟಿನ ಬೇಟೆಗಾರರು ಅದನ್ನು ಬಿಟ್ಟಿಲ್ಲ.

1621ರ ಚಳಿಗಾಲಕ್ಕೆ ಮುನ್ನ ಪ್ಲಿಮತ್ ವಸಾಹತಿನವರಿಗೆ ಟರ್ಕಿ ಧಾರಾಳವಾಗಿ ಸಿಕ್ಕಿತೆಂದು ಅಲ್ಲಿನ ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್ ದಾಖಲಿಸಿದ್ದಾನೆ. ಮುಂದಿನ 2 ಶತಮಾನಗಳಲ್ಲಿ ವಲಸಿಗರು ಬಂದೂಕಿಗಿಂತ ಅಗ್ಗದ ಒಂದು ಉಪಾಯವನ್ನು ಕಂಡುಕೊಂಡರು. ಮರದ ದಿಮ್ಮಿಗಳನ್ನು ಜೋಡಿಸಿ, ಮೇಲೂ ಮುಚ್ಚಿದ ಒಂದು ದೊಡ್ಡಿ. ಒಂದು ಗೋಡೆಯ ಅಡಿಯಿಂದ ಒಳಕ್ಕೆ ಹೋಗುವ ಕಾಲುವೆಯಂಥ ತೋಡು. ಆ ತೋಡಿನುದ್ದಕ್ಕೆ, ಹೊರಗೂ ಬಹುದೂರದವರೆಗೆ, ಮೆಕ್ಕೆಜೋಳದ ಕಾಳಿನ ಸಾಲು. ತಲೆ ತಗ್ಗಿಸಿ ಕಾಳು ಹೆಕ್ಕುತ್ತ ಟರ್ಕಿಗಳು ಒಂದರ ಹಿಂದೊಂದು ಒಳಗೆ ಬರುತ್ತವೆ. ಕಾಳು ಮುಗಿದ ಮೇಲೆ ತಲೆ ಎತ್ತುತ್ತವೆ, ಸಂದಿಗಳಲ್ಲಿ ಬೆಳಕು ಕಾಣುತ್ತದೆ, ಗೋಡೆಯ ಸುತ್ತ ಓಡಾಡುತ್ತವೆ. ಬಂದ ದಾರಿ ಕಾಲ ಬುಡದಲ್ಲೇ ತೆರೆದಿದ್ದರೂ ಮತ್ತೆ ಕೆಳಗೆ ನೋಡುವುದಿಲ್ಲ. ತನ್ನ ಪಕ್ಷಿಚಿತ್ರ ಸಂಪುಟದ ಮೊದಲನೆಯ ಚಿತ್ರಫಲಕವನ್ನು ಕಾಡು ಟರ್ಕಿಗೆ ಮೀಸಲಿಟ್ಟ ಜಾನ್ ಜೇಮ್ಸ್ ಆಡುಬಾನ್ ಈ ದೊಡ್ಡಿಗಳನ್ನು ವಿವರವಾಗಿ ವರ್ಣಿಸಿದ್ದಾನೆ. ಹಕ್ಕಿಯ ಸ್ವಭಾವವನ್ನು ಇಷ್ಟು ಚೆನ್ನಾಗಿ ಅರಿತದ್ದರಿಂದಲೇ ಹಿಂಡಿಗೆ ಹಿಂಡೇ ನಾಶವಾಯಿತು.

ದೊಡ್ಡಿಯ ಜೊತೆಗೆ ಮಾರಾಟದ ಬೇಟೆಯೂ ಸೇರಿತು. ಹೊಲಕ್ಕಾಗಿ ಕಾಡು ಕಡಿದದ್ದು ಅವೆರಡಕ್ಕಿಂತ ದೊಡ್ಡ ಪೆಟ್ಟು. ಕನೆಕ್ಟಿಕಟ್‌ನಲ್ಲಿ 1813ರ ಹೊತ್ತಿಗೆ ಟರ್ಕಿ ಇಲ್ಲವಾಯಿತು. ಮಸಾಚುಸೆಟ್ಸ್‌ನ ಕೊನೆಯದು 1851ರಲ್ಲಿ ಮೌಂಟ್ ಟಾಮ್ ಬೆಟ್ಟದಲ್ಲಿ ಬಿತ್ತು. 20ನೆಯ ಶತಮಾನದ ಆರಂಭದಲ್ಲಿ ಬಂದ ಶಿಲೀಂಧ್ರ ರೋಗವೊಂದು ಚೆಸ್ಟ್‌ನಟ್ ಮರಗಳನ್ನೂ ಒಣಗಿಸಿ ಉಳಿದ ಮೇವನ್ನು ಕಿತ್ತುಕೊಂಡಿತು. 1930ರ ದಶಕದಲ್ಲಿ ಟರ್ಕಿ ಉಳಿದಿದ್ದುದು ದಕ್ಷಿಣದ ಜೌಗು ಕಾಡು, ಕಡಿದಾದ ಬೆಟ್ಟಗಳಂಥ ಎಟುಕದ ಜಾಗಗಳಲ್ಲಿ ಮಾತ್ರ.

ಹಾಗೆ ಉಳಿದ ಹಕ್ಕಿಗಳು ಮಹಾ ಹುಷಾರಿನವು. ಇಂದು ಟರ್ಕಿ ಬೇಟೆ ಎನ್ನಿಸಿಕೊಂಡಿರುವ ಕಲೆ ಬೆಳೆದದ್ದು ಅವುಗಳ ಬೆನ್ನು ಹತ್ತಿ. ಹುಂಜವನ್ನು ಕೂಗಿ ಕರೆಯಲೆಂದು ಅರ್ಕನ್ಸಾದ ಹೆನ್ರಿ ಗಿಬ್ಸನ್ 1897ರಲ್ಲಿ ಪೇಟೆಂಟ್ ಪಡೆದ ಪೆಟ್ಟಿಗೆ ಸರಳವಾದದ್ದು: ತೆಳುವಾದ ಮರದ ಡಬ್ಬಿ, ಅದರ ಅಂಚಿಗೆ ಉಜ್ಜುವ ಮುಚ್ಚಳ. ಸೀಮೆಸುಣ್ಣ ಬಳಿದು ಮುಚ್ಚಳವನ್ನು ಎಳೆದರೆ ಹೇಂಟೆ ಕರೆದಂತೆಯೇ ಕೇಳುತ್ತದೆ. ಚಾರ್ಲ್ಸ್ ಜೋರ್ಡನ್ ಎಂಬ ಬೇಟೆಗಾರನ ಬರಹಗಳನ್ನು ಆಧರಿಸಿ ಎಡ್ವರ್ಡ್ ಮೆಕ್‌ಇಲ್ಹೆನಿ 1914ರಲ್ಲಿ ಪ್ರಕಟಿಸಿದ ಪುಸ್ತಕ ಈ ವಿದ್ಯೆಗೆ ಮೊದಲ ದೊಡ್ಡ ಕೈಪಿಡಿಯಾಯಿತು.

ಕೂಗುವುದಕ್ಕೆ ಮೊದಲು ಹಕ್ಕಿ ಎಲ್ಲಿದೆಯೆಂದು ತಿಳಿಯಬೇಕು. ಅದನ್ನು ನೆಲ ಹೇಳುತ್ತದೆ. ಹಸಿ ಮಣ್ಣಿನಲ್ಲಿ ಮುಂದೆ ಮೂರು ಬೆರಳು, ಹಿಂದೆ ಚುಕ್ಕಿಯಷ್ಟು ನಾಲ್ಕನೆಯದು. ಹಿಮ್ಮಡಿಯಿಂದ ನಡುಬೆರಳ ತುದಿಗೆ 4 ಅಂಗುಲ ಮೀರಿ, ನಡುಬೆರಳು ಅಕ್ಕಪಕ್ಕದವಕ್ಕಿಂತ ಎದ್ದು ಕಾಣುವಷ್ಟು ಉದ್ದವಿದ್ದರೆ ಬಹುಮಟ್ಟಿಗೆ ಅದು ಬಲಿತ ಹುಂಜ. ಆ ಹೆಜ್ಜೆಗಳ ಎರಡೂ ಬದಿಗೆ ಸಣ್ಣ ಗೀರುಗಳಿದ್ದರೆ ಹುಂಜ ಅಲ್ಲಿ ಗರಿಗೆದರಿ, ರೆಕ್ಕೆಯ ತುದಿಯನ್ನು ನೆಲಕ್ಕೆ ಸವರುತ್ತ ಮೆರೆದಿದೆ. ಹಿಕ್ಕೆಯೂ ಸಾಕ್ಷಿ ನುಡಿಯುತ್ತದೆ: ಹುಂಜದ್ದು ಉದ್ದವಾಗಿ ಕೊನೆಯಲ್ಲಿ ಕೊಕ್ಕೆಯಂತೆ ಬಾಗಿರುತ್ತದೆ, ಹೇಂಟೆಯದು ಸುರುಳಿ ಸುತ್ತಿದ ಮುದ್ದೆ. ಉದುರಿದ ಎದೆಗರಿಯ ತುದಿ ಕಪ್ಪಾದರೆ ಹುಂಜ, ಕಂದಾದರೆ ಹೇಂಟೆ. ಕೆದಕಿದ ತರಗೆಲೆಯ ಕೆಳಗಿನ ಮಣ್ಣು ಇನ್ನೂ ಹಸಿಯಾಗಿದ್ದರೆ ಹಿಂಡು ದಾಟಿಹೋಗಿ ಹೆಚ್ಚು ಹೊತ್ತಾಗಿಲ್ಲ. ಎಲೆ ಹಿಂದಕ್ಕೆ ಎರಚಿರುವುದರಿಂದ ಹೋದ ದಿಕ್ಕೂ ತಿಳಿಯುತ್ತದೆ.

ವಸಂತದಲ್ಲಿ ಬೆಳಕು ಹರಿಯುವ ಮುನ್ನ ಬೇಟೆಗಾರ ಗೂಬೆಯಂತೆ ಕೂಗುತ್ತಾನೆ. ಮರದ ಮೇಲಿನ ಹುಂಜ ತಡೆಯಲಾರದೆ ಗೊಬಗೊಬನೆ ಉತ್ತರಿಸಿ ತನ್ನ ಜಾಗವನ್ನು ತಾನೇ ಹೇಳಿಬಿಡುತ್ತದೆ. ಕಷ್ಟ ಶುರುವಾಗುವುದು ಆಮೇಲೆ. ಟರ್ಕಿಗಳ ಲೋಕದಲ್ಲಿ ಹುಂಜ ಕೂಗಿದರೆ ಹೇಂಟೆಯೇ ಅದರ ಬಳಿಗೆ ಹೋಗಬೇಕು. ಬೇಟೆಗಾರ ಹೇಂಟೆಯ ದನಿ ತೆಗೆದು ಹುಂಜವನ್ನೇ ಬಾ ಎನ್ನುತ್ತಾನೆ. ಆದ್ದರಿಂದ ಹುಂಜ ಗುಂಡಿಗೆ ಎಟುಕದ ದೂರದಲ್ಲಿ ನಿಂತು, ಗಂಟೆಗಟ್ಟಲೆ ಗರಿಗೆದರಿ, ಕೊನೆಗೆ ನಿಜವಾದ ಹೇಂಟೆಯೊಂದರ ಹಿಂದೆ ಹೊರಟುಹೋಗುತ್ತದೆ. ಈ ಬೇಟೆಯ ಹಾಸ್ಯವೆಲ್ಲ ಹುಟ್ಟಿದ್ದು ಇಂಥ ಸೋಲಿನಲ್ಲಿ. ಜಿಂಕೆ ಮನುಷ್ಯನನ್ನು ಕಂಡು ಮರದ ಮೋಟು ಅಂದುಕೊಳ್ಳುತ್ತದೆ, ಟರ್ಕಿ ಮರದ ಮೋಟನ್ನು ಕಂಡು ಮನುಷ್ಯ ಅಂದುಕೊಳ್ಳುತ್ತದೆ ಎಂಬುದು ಬೇಟೆಗಾರರ ಹಳೆಯ ಮಾತು. ಟರ್ಕಿಗೆ ವಾಸನೆಯೂ ತಿಳಿಯುವಂತಿದ್ದರೆ ಇದುವರೆಗೆ ಒಂದೂ ಸಾಯುತ್ತಿರಲಿಲ್ಲ ಎಂಬುದು ಇನ್ನೊಂದು. ಬೆಳಗಿನಿಂದ ಹೇಂಟೆಯಂತೆ ಕೂಗಿ ದಣಿದು ಎದ್ದವನಿಗೆ, ತಾನು ಒರಗಿದ್ದ ಮರದ ಹಿಂದೆಯೇ ಉಗುರಿನ ಗುರುತಿಲ್ಲದ ದುಂಡು ಹೆಜ್ಜೆಗಳು ಕಾಣುವುದುಂಟು: ಕೂಗನ್ನು ನಂಬಿ ಊಟಕ್ಕೆ ಬಂದ ಬಾಬ್‌ಕ್ಯಾಟ್ ಎಂಬ ಕಾಡುಬೆಕ್ಕಿನವು. ಸೋತವನೇ ಸೋಲನ್ನು ರಸವತ್ತಾಗಿ ಹೇಳುವ ಈ ಸಂಪ್ರದಾಯಕ್ಕೆ ಅಲಬಾಮದ ಟಾಮ್ ಕೆಲ್ಲಿ 1973ರಲ್ಲಿ ಬರೆದ ‘ಟೆಂತ್ ಲೀಜನ್’ ಒಳ್ಳೆಯ ಮಾದರಿ. ಆ ನಗೆಯಲ್ಲಿ ಹಕ್ಕಿಯ ಬಗೆಗಿನ ನಿಜವಾದ ಗೌರವವಿದೆ.

ಟರ್ಕಿಯನ್ನು ಮರಳಿ ತರುವ ಮೊದಲ ಯತ್ನಗಳು ಕೈಗೂಡಲಿಲ್ಲ. ಗೂಡಿನಲ್ಲಿ ಮರಿಮಾಡಿಸಿ ಕಾಡಿಗೆ ಬಿಟ್ಟ ಸಾವಿರಾರು ಹಕ್ಕಿಗಳು ಉಳಿಯಲಿಲ್ಲ. ಅಪಾಯದ ಕೂಗು ಯಾವುದು, ಎಲ್ಲಿ ಅಡಗಬೇಕು ಎಂದು ಕಲಿಸುವ ತಾಯಿ ಅವಕ್ಕಿರಲಿಲ್ಲ. ಬೇಟೆಯ ಬಂದೂಕು, ಮದ್ದುಗುಂಡಿನ ಮೇಲಿನ ತೆರಿಗೆಯನ್ನು ವನ್ಯಜೀವಿಗಳಿಗೆ ಮೀಸಲಿಟ್ಟ 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆ ಹಣ ಒದಗಿಸಿತು. ದಾರಿ ತೆರೆದದ್ದು 1951ರಲ್ಲಿ, ದಕ್ಷಿಣ ಕ್ಯಾರೊಲಿನಾದ ಫ್ರಾನ್ಸಿಸ್ ಮೇರಿಯನ್ ಕಾಡಿನಲ್ಲಿ. ಅಲ್ಲಿ ಜೀವವಿಜ್ಞಾನಿ ಹರ್ಮನ್ ಹಾಲ್‌ಬ್ರೂಕ್ ಮದ್ದಿನ ಬಲದಿಂದ ಚಿಮ್ಮುವ ಬಲೆಯನ್ನು ನೆಲಕ್ಕೆ ಹೊಂದಿಸಿ ಮರೆಮಾಡಿ, ಮುಂದೆ ಕಾಳು ಚೆಲ್ಲಿ, ಕಾಡಿನಲ್ಲೇ ಹುಟ್ಟಿಬೆಳೆದ ಹಕ್ಕಿಗಳನ್ನು ಜೀವಂತ ಹಿಡಿದ. ದೊಡ್ಡಿಯ ಕಾಲದ ಅದೇ ಕಾಳು, ಅದೇ ತಗ್ಗಿದ ತಲೆ. ಆದರೆ ಈ ಸಲ ಹಕ್ಕಿ ಹೋದದ್ದು ಖಾಲಿ ಬಿದ್ದ ಇನ್ನೊಂದು ಕಾಡಿಗೆ. 1972–73ರಲ್ಲಿ ನ್ಯೂಯಾರ್ಕ್‌ನಿಂದ ತಂದ 37 ಹಕ್ಕಿಗಳಿಂದ ಮಸಾಚುಸೆಟ್ಸ್‌ನಲ್ಲಿ ಟರ್ಕಿ ಮತ್ತೆ ನೆಲೆಯೂರಿತು. ನ್ಯಾಷನಲ್ ವೈಲ್ಡ್ ಟರ್ಕಿ ಫೆಡರೇಷನ್ ಹುಟ್ಟಿದ್ದೂ 1973ರಲ್ಲೇ. ಈಗ ಅಲಾಸ್ಕ ಬಿಟ್ಟು ಉಳಿದ 49 ರಾಜ್ಯಗಳಲ್ಲೂ ಈ ಹಕ್ಕಿಯಿದೆ, ಒಟ್ಟು 60 ಲಕ್ಷಕ್ಕೂ ಹೆಚ್ಚು ಎಂಬುದು ಅಂದಾಜು.

ವಸಂತದ ಬೇಟೆಯ ನಿಯಮಗಳಿಗೂ ಹಕ್ಕಿಯ ನಡವಳಿಕೆಯೇ ಆಧಾರ. ಹುಂಜವನ್ನು, ಅಥವಾ ಎದೆಯ ಮೇಲೆ ಕೂದಲಿನಂಥ ಗಡ್ಡವಿರುವ ಹಕ್ಕಿಯನ್ನು ಮಾತ್ರ ಹೊಡೆಯಬೇಕು, ಹೇಂಟೆಗಳು ಕೂಡಿ ಮೊಟ್ಟೆಗೆ ಕೂರುವ ಹೊತ್ತಿಗೆ ಹಂಗಾಮು ಬರಬೇಕು ಎಂಬುದು ಅವುಗಳ ತಿರುಳು. ಬೇಟೆಗಾರರು ಕೆಂಪು, ಬಿಳಿ, ನೀಲಿ ಬಟ್ಟೆ ತೊಡುವುದಿಲ್ಲ. ಹುಂಜದ ತಲೆಗೂ ಅವೇ ಬಣ್ಣಗಳಿರುವುದರಿಂದ ಇನ್ನೊಬ್ಬನ ಗುಂಡಿಗೆ ಗುರಿಯಾಗುವ ಭಯ. ಇತ್ತೀಚಿನ ವರ್ಷಗಳಲ್ಲಿ ಆಗ್ನೇಯ ರಾಜ್ಯಗಳಲ್ಲಿ ಮರಿಗಳು ಕಡಿಮೆಯಾಗುತ್ತಿರುವುದರಿಂದ ಹಲವು ಕಡೆ ಹಂಗಾಮನ್ನು ಮುಂದೂಡಿ, ಒಬ್ಬ ಹೊಡೆಯಬಹುದಾದ ಹುಂಜಗಳ ಸಂಖ್ಯೆಯನ್ನು ಇಳಿಸಲಾಗಿದೆ. ಹಕ್ಕಿಯನ್ನು ಸೆಳೆಯಲು ನಿಲ್ಲಿಸುವ ಗೊಂಬೆ ಟರ್ಕಿಗಳನ್ನು ಅಲಬಾಮ ರಾಜ್ಯ 2022ರಿಂದ ಹಂಗಾಮಿನ ಮೊದಲ 10 ದಿನ ನಿಷೇಧಿಸಿತು.