ತರಗತಿಯಿಂದ ಭೂಗತಕ್ಕೆ: ಇಟಲಿಯ ಕೆಂಪು ದಳ

ಉತ್ತರ ಇಟಲಿಯ ಟ್ರೆಂಟೊ ನಗರದಲ್ಲಿ 1962ರಲ್ಲಿ ಆರಂಭವಾದ ಸಮಾಜಶಾಸ್ತ್ರ ಸಂಸ್ಥೆಯಲ್ಲಿ ಓದಿದ್ದ ರೆನಾಟೊ ಕುರ್ಚೊ ಮತ್ತು ಮಾರ್ಗರಿಟಾ ಕಾಗೋಲ್ ದಂಪತಿ, 1970ರಲ್ಲಿ ಹುಟ್ಟಿದ ‘ಕೆಂಪು ದಳ’ ಎಂಬ ಸಶಸ್ತ್ರ ಸಂಘಟನೆಯ ಸ್ಥಾಪಕರಲ್ಲಿ ಪ್ರಮುಖರಾಗಿದ್ದರು. ಮುಂದೆ ಅದೇ ಸಮಾಜಶಾಸ್ತ್ರವು ಆ ಸಂಘಟನೆಯನ್ನೇ ಅಧ್ಯಯನದ ವಸ್ತುವಾಗಿಸಿಕೊಂಡದ್ದು ಇತಿಹಾಸದ ವ್ಯಂಗ್ಯವೇ ಸರಿ.

ಭಯೋತ್ಪಾದಕನನ್ನು ಮನೋವಿಕಾರದ ವ್ಯಕ್ತಿಯೆಂದು ಬಗೆಯುವ ಸುಲಭದ ವಿವರಣೆಗೆ ಬದಲಾಗಿ, ಸಮಾಜಶಾಸ್ತ್ರಜ್ಞೆ ದೊನಾತೆಲ್ಲಾ ದೆಲ್ಲಾ ಪೋರ್ತಾ ಅವರು ಇಟಲಿ ಮತ್ತು ಜರ್ಮನಿಯ ಉಗ್ರರ ಜೀವನಕಥನಗಳನ್ನೂ ನ್ಯಾಯಾಲಯದ ದಾಖಲೆಗಳನ್ನೂ ಪರಿಶೀಲಿಸಿ, ಭೂಗತ ಗುಂಪುಗಳಿಗೆ ಜನ ಸೇರಿದ್ದು ಬಹುಮಟ್ಟಿಗೆ ಗೆಳೆತನ ಹಾಗೂ ಬಂಧುತ್ವದ ಜಾಲಗಳ ಮೂಲಕ, ಅಂದರೆ ಮೊದಲೇ ಇದ್ದ ಪರಿಚಯ ಮತ್ತು ನಂಬಿಕೆಯ ನಂಟುಗಳ ಮೂಲಕ, ಎಂದು ತೋರಿಸಿದರು. ಒಮ್ಮೆ ಭೂಗತವಾದ ಗುಂಪು ಹೊರಜಗತ್ತಿನ ಸಂಪರ್ಕ ಕಳೆದುಕೊಂಡು ತನ್ನ ಮಾತನ್ನೇ ತಾನು ಕೇಳಿಸಿಕೊಳ್ಳತೊಡಗುತ್ತದೆ. ಸಿದ್ಧಾಂತಕ್ಕಿಂತ ಸಂಘಟನೆಯ ಉಳಿವೇ ಅದರ ಮುಖ್ಯ ಚಿಂತೆಯಾಗುತ್ತದೆ. ಈ ಒಳನೋಟವೇ ಆಕೆಯ ಅಧ್ಯಯನದ ನಿಜವಾದ ಬಲ.

ಕೆಂಪು ದಳವೂ ಹೀಗೆಯೇ ಹೊರಜಗತ್ತಿನಿಂದ ದೂರವಾಯಿತು. ಇಟಲಿಯ ಮಾಜಿ ಪ್ರಧಾನಿ ಆಲ್ಡೊ ಮೊರೊ ಅವರನ್ನು 1978ರ ಮಾರ್ಚ್ 16ರಂದು ಅಪಹರಿಸಿ, 55 ದಿನಗಳ ಬಳಿಕ ಕೊಂದ ದಳವು, 1979ರ ಜನವರಿಯಲ್ಲಿ ಜಿನೋವಾದ ಉಕ್ಕಿನ ಕಾರ್ಖಾನೆಯ ಕಾರ್ಮಿಕ ಸಂಘಟಕ ಗ್ವಿಡೊ ರೊಸ್ಸಾ ಅವರನ್ನೂ ಕೊಂದಿತು. ತಾನು ಯಾರ ಪರವೆಂದು ಹೇಳಿಕೊಳ್ಳುತ್ತಿತ್ತೋ ಆ ಕಾರ್ಮಿಕವರ್ಗವೇ ಆತನ ಅಂತ್ಯಕ್ರಿಯೆಯಲ್ಲಿ ದಳದ ವಿರುದ್ಧ ಬೃಹತ್ ಸಂಖ್ಯೆಯಲ್ಲಿ ನೆರೆಯಿತು. ಇತ್ತ ಪ್ರಭುತ್ವವೂ ಉಗ್ರರಿಗೆ ಹಿಂದಿರುಗುವ ದಾರಿ ತೆರೆಯಿತು: ತನಿಖೆಗೆ ನೆರವಾದವರ ಶಿಕ್ಷೆಯನ್ನು 1982ರ ಕಾನೂನು ತಗ್ಗಿಸಿದರೆ, ಯಾರನ್ನೂ ಹಿಡಿದುಕೊಡದೆ ಹಿಂಸೆಯನ್ನು ತೊರೆದವರಿಗೂ 1987ರ ಕಾನೂನು ರಿಯಾಯಿತಿ ನೀಡಿತು.