ಉಗಿ ಫ್ರಿಗೇಟ್: ಹಾಯಿ ಮತ್ತು ಉಕ್ಕಿನ ನಡುವಿನ ಯುದ್ಧನೌಕೆ

ಹಾಯಿಯನ್ನು ಕೈಬಿಡಲು ಧೈರ್ಯ ಸಾಲದೆ, ಉಗಿಯನ್ನು ಪೂರ್ತಿಯಾಗಿ ನಂಬಲೂ ಆಗದೆ 19ನೇ ಶತಮಾನದ ನೌಕಾಪಡೆಗಳು ಕಂಡುಕೊಂಡ ಮಧ್ಯಮಾರ್ಗವೇ ಉಗಿ ಫ್ರಿಗೇಟ್. ಮೂರು ಕೂವೆಮರಗಳು, ಮರದ ಒಡಲು, ಒಂದೇ ಅಂತಸ್ತಿನಲ್ಲಿ ಫಿರಂಗಿಗಳ ಪ್ರಧಾನ ಸಾಲು, ಒಡಲೊಳಗೆ ಬಾಯ್ಲರ್ ಹಾಗೂ ಎಂಜಿನ್ ಇದರ ಲಕ್ಷಣಗಳು.

ಮೊದಲ ಪೀಳಿಗೆಯ ಉಗಿ ಫ್ರಿಗೇಟ್‌ಗಳಿಗೆ ಎರಡೂ ಪಕ್ಕಗಳಲ್ಲಿ ಭಾರಿ ಗಾತ್ರದ ಪ್ಯಾಡಲ್ ಚಕ್ರಗಳಿದ್ದವು. 1853ರ ಜುಲೈನಲ್ಲಿ ಕಮೋಡೋರ್ ಮ್ಯಾಥ್ಯೂ ಪೆರಿ ಜಪಾನಿಗೆ ಕೊಂಡೊಯ್ದ ‘ಸಸ್ಕ್ವೆಹಾನಾ’ ಮತ್ತು ‘ಮಿಸಿಸಿಪ್ಪಿ’ ಈ ಬಗೆಯವು. ಆದರೆ ಚಕ್ರಗಳು ಫಿರಂಗಿಗಳ ಜಾಗವನ್ನು ಆಕ್ರಮಿಸುತ್ತಿದ್ದವು. ಶತ್ರುವಿನ ಗುಂಡಿಗೆ ಸುಲಭವಾಗಿ ಗುರಿಯಾಗುತ್ತಿದ್ದವು.

ಇದಕ್ಕೆ ಪರಿಹಾರವಾಗಿ ಬಂದದ್ದು ನೀರಿನಡಿ ತಿರುಗುವ ಪ್ರೊಪೆಲ್ಲರ್. 1845ರಲ್ಲಿ ಬ್ರಿಟಿಷ್ ನೌಕಾಪಡೆ ನಡೆಸಿದ ಎಳೆದಾಟದ ಪರೀಕ್ಷೆಯಲ್ಲಿ ಪ್ರೊಪೆಲ್ಲರ್ ಹೊಂದಿದ ‘ರ‍್ಯಾಟ್ಲರ್’, ಪ್ಯಾಡಲ್ ಹಡಗು ‘ಅಲೆಕ್ಟೊ’ವನ್ನು ಹಿಮ್ಮುಖವಾಗಿ ಎಳೆದೊಯ್ದಿತು.

1854ರಲ್ಲಿ ಅಮೆರಿಕದ ಸಂಸತ್ತು ಆರು ಪ್ರೊಪೆಲ್ಲರ್ ಫ್ರಿಗೇಟ್‌ಗಳ ನಿರ್ಮಾಣಕ್ಕೆ ಒಪ್ಪಿಗೆ ನೀಡಿತು. ಅವುಗಳಲ್ಲಿ ಪ್ರಸಿದ್ಧವಾದ ‘ಮೆರಿಮ್ಯಾಕ್’ 1855ರಲ್ಲಿ ಬೋಸ್ಟನ್‌ನಲ್ಲಿ ನೀರಿಗಿಳಿಯಿತು. 40 ಫಿರಂಗಿಗಳ ಈ ನೌಕೆ ನೋಟಕ್ಕೆ ಭವ್ಯ. ಎಂಜಿನ್ ಮಾತ್ರ ದುರ್ಬಲ. ಗಾಳಿಯೇ ಇದರ ಮುಖ್ಯ ಚಾಲಕ ಶಕ್ತಿಯಾಗಿ, ಉಗಿ ಸಹಾಯಕವಾಗಿಯೇ ಉಳಿಯಿತು. ಹಾಯಿಯ ಬಲದಿಂದ ಸಾಗುವಾಗ ಅಡ್ಡಿಯಾಗದಂತೆ ಪ್ರೊಪೆಲ್ಲರನ್ನು ಮೇಲಕ್ಕೆತ್ತುವ ವ್ಯವಸ್ಥೆಯೂ ಇತ್ತು.

ಪೆಸಿಫಿಕ್ ಸೇವೆ ಮುಗಿಸಿ ಎಂಜಿನ್ ದುರಸ್ತಿಗಾಗಿ ವರ್ಜೀನಿಯಾದ ನಾರ್ಫೋಕ್‌ನಲ್ಲಿ ನಿಂತಿದ್ದಾಗಲೇ ಅಂತರ್ಯುದ್ಧ ಆರಂಭವಾಯಿತು. 1861ರ ಏಪ್ರಿಲ್‌ನಲ್ಲಿ ಸ್ಥಳ ತೆರವುಗೊಳಿಸಿದ ಒಕ್ಕೂಟ ಪಡೆ ಹಡಗಿಗೆ ಬೆಂಕಿ ಹಚ್ಚಿ ಮುಳುಗಿಸಿತು. ದಕ್ಷಿಣದ ಕಾನ್ಫೆಡರೇಟ್ ಪಡೆ ಅದನ್ನು ಮೇಲೆತ್ತಿ, ಉಳಿದ ಒಡಲಿನ ಮೇಲೆ ಇಳಿಜಾರು ಕೋಟೆ ಕಟ್ಟಿ, ನಾಲ್ಕು ಅಂಗುಲ ದಪ್ಪದ ಕಬ್ಬಿಣದ ಹೊದಿಕೆ ಹಾಕಿ ‘ವರ್ಜೀನಿಯಾ’ ಎಂದು ಹೆಸರಿಟ್ಟಿತು.

1862ರ ಮಾರ್ಚ್ 8ರಂದು ಹ್ಯಾಂಪ್ಟನ್ ರೋಡ್ಸ್‌ನಲ್ಲಿ ಈ ಕಬ್ಬಿಣದ ನೌಕೆ ‘ಕಂಬರ್ಲೆಂಡ್’ ಹಾಗೂ ‘ಕಾಂಗ್ರೆಸ್’ ಎಂಬ ಮರದ ಹಾಯಿ ಹಡಗುಗಳನ್ನು ನಾಶಪಡಿಸಿತು. ಇನ್ನೂರಕ್ಕೂ ಹೆಚ್ಚು ನಾವಿಕರು ಪ್ರಾಣ ತೆತ್ತರು. ಮೆರಿಮ್ಯಾಕ್‌ನ ಸೋದರಿ ನೌಕೆಯಾದ ‘ಮಿನ್ನೆಸೋಟಾ’ ನೆರವಿಗೆ ಧಾವಿಸುವಾಗ ನೆಲಕಚ್ಚಿ ಅಸಹಾಯಕವಾಯಿತು. ಮರುದಿನ ಕಬ್ಬಿಣದ ‘ಮಾನಿಟರ್’ ಅಡ್ಡ ಬಾರದಿದ್ದರೆ ಅದಕ್ಕೂ ಉಳಿಗಾಲವಿರಲಿಲ್ಲ.

ವಿಜೇತ ನೌಕೆಗೂ ಹಳೆಯ ದೌರ್ಬಲ್ಯ ತಪ್ಪಲಿಲ್ಲ. ಅದೇ ಬಲಹೀನ ಎಂಜಿನ್, ನೀರಿನಲ್ಲಿ ಆಳಕ್ಕಿಳಿಯುವ ಅದೇ ಒಡಲು. ನಾರ್ಫೋಕ್ ಕೈತಪ್ಪಿದಾಗ ಜೇಮ್ಸ್ ನದಿಯಲ್ಲಿ ಮೇಲಕ್ಕೆ ಸಾಗಲಾಗದೆ, 1862ರ ಮೇ 11ರಂದು ಸ್ವಂತ ಸಿಬ್ಬಂದಿಯೇ ಅದನ್ನು ಸ್ಫೋಟಿಸಿದರು.

ಮರದ ಫ್ರಿಗೇಟ್‌ಗಳ ಯುಗ ಅಲ್ಲಿಗೆ ಬಹುತೇಕ ಮುಗಿಯಿತು. 1860ರಲ್ಲಿ ನೀರಿಗಿಳಿದು, 1864ರ ಹೆಲಿಗೊಲ್ಯಾಂಡ್ ಕದನದಲ್ಲಿ ಹೋರಾಡಿದ ‘ಯೂಲ್ಯಾಂಡ್’ ಡೆನ್ಮಾರ್ಕ್‌ನ ಎಬೆಲ್ಟಾಫ್ಟ್‌ನಲ್ಲಿ ವಸ್ತುಸಂಗ್ರಹಾಲಯವಾಗಿ ಉಳಿದುಕೊಂಡಿದೆ.