ವಾಡಿ ಸಂಧಿಸ್ಥಾನವೂ ರೈಲು ನಿಯಂತ್ರಣದ ಅಧಿಕಾರಕ್ರಮವೂ

ಕಲಬುರಗಿ ಜಿಲ್ಲೆಯ ವಾಡಿಯು ಎರಡು ರೈಲುಮಾರ್ಗಗಳು ಕೂಡುವ ಸ್ಥಾನವೆಂಬುದು ಸರ್ವವಿದಿತವಾಗಿದೆ. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯು ಶಹಾಬಾದ, ವಾಡಿಗಳ ಮೇಲೆ ಹಾದು 1871ರಲ್ಲಿ ರಾಯಚೂರನ್ನು ಮುಟ್ಟಿ ಮದರಾಸಿನ ಮಾರ್ಗವನ್ನು ಕೂಡಿತು. 1874ರಲ್ಲಿ ನಿಜಾಮರ ದ್ರವ್ಯದಿಂದ ವಾಡಿಗೂ ಸಿಕಂದರಾಬಾದಿಗೂ ನಡುವೆ ಮತ್ತೊಂದು ಮಾರ್ಗವು ತೆರೆಯಿತು. ಚಿತ್ತಾಪುರ, ಮಳಖೇಡ ರೋಡು, ಸೇಡಂ ನಿಲ್ದಾಣಗಳು ಇದಕ್ಕೆ ಸೇರಿದವು. ಹೀಗೆ ಎರಡು ಒಡೆತನಗಳು ಒಂದೆಡೆ ಸಂಧಿಸಿದಾಗ, ಓಡುವ ಗಾಡಿಯ ಮೇಲಣ ಅಧಿಕಾರವು ಯಾರದು, ಅದು ಎಲ್ಲಿ ಮೊದಲಾಗಿ ಎಲ್ಲಿ ಮುಗಿಯತಕ್ಕದ್ದು ಎಂಬ ಪ್ರಶ್ನೆಯು ಸಹಜವಾಗಿ ಏಳುವುದು. ಚಾಲಕನಿಲ್ಲದ ವಾಹನಗಳ ಸಮೂಹವನ್ನು ಒಂದೇ ಕೊಠಡಿಯಲ್ಲಿ ಕುಳಿತು ಕಾಯುವ ಏರ್ಪಾಡುಗಳು ಹುಟ್ಟಿರುವ ಈ ಕಾಲದಲ್ಲಿ ಆ ಪ್ರಶ್ನೆಯು ಮತ್ತೆ ವಿಚಾರಾರ್ಹವಾಗಿದೆ.

ಪಾಣಿನೀಯದಲ್ಲಿ ಅಧಿಕಾರಸೂತ್ರವೆಂಬುದೊಂದು ಬಗೆಯುಂಟು. ಅದು ತಾನಾಗಿ ಯಾವ ಕಾರ್ಯವನ್ನೂ ವಿಧಿಸದು. ಮುಂದಣ ಸೂತ್ರಗಳಲ್ಲಿ ಅನುವರ್ತಿಸಿ, ತನ್ನ ಅವಧಿ ಬಂದಲ್ಲಿ ನಿಲ್ಲುವುದು. ಅವಧಿಯನ್ನು ತಪ್ಪಾಗಿ ತಿಳಿದವನಿಗೆ ಶಬ್ದಸಿದ್ಧಿಯೇ ಕೆಡುತ್ತದೆ. ರೈಲು ನಿಯಂತ್ರಣದ ಸ್ವರೂಪವೂ ಬಹುಮಟ್ಟಿಗೆ ಇಂತಹುದೇ. ಭೇದವೇನೆಂದರೆ, ಇಲ್ಲಿ ಅವಧಿ ತಪ್ಪಿದರೆ ಕೆಡುವುದು ಮನುಷ್ಯರ ಪ್ರಾಣ.

ಇದಕ್ಕೆ ನಿದರ್ಶನವು ವಾಡಿಯ ಮಾರ್ಗವು ತೆರೆದ ವರ್ಷದಲ್ಲಿಯೇ ದೊರೆಯುವುದು. 1874ರ ಸೆಪ್ಟೆಂಬರ್ 10ರ ರಾತ್ರಿ ಇಂಗ್ಲೆಂಡಿನ ಥಾರ್ಪ್ ಎಂಬಲ್ಲಿ ಒಂಟಿಹಳಿಯ ಮೇಲೆ ಎರಡು ಗಾಡಿಗಳು ಇದಿರುಬದಿರಾಗಿ ಬಡಿದುವು. ಗಾಡಿಯನ್ನು ಬಿಡಲು ಒಪ್ಪಿಗೆ ಕೊಡುವ ತಂತಿಯು ಅಧಿಕಾರಿಯ ರುಜುವಿಲ್ಲದೆ ಹೊರಟಿತ್ತು. ಅದನ್ನು ಹಿಂದೆಗೆಯಲು ಯತ್ನಿಸುವಷ್ಟರಲ್ಲಿ ಗಾಡಿಯು ಹೊರಟುಹೋಗಿತ್ತು. ಯಂತ್ರವು ಕೆಟ್ಟಿರಲಿಲ್ಲ, ಅಧಿಕಾರವು ಅಸ್ಪಷ್ಟವಾಗಿತ್ತು. ಈ ಅನರ್ಥದ ಫಲವಾಗಿ ಎಡ್ವರ್ಡ್ ಟೈಯರ್ ಎಂಬಾತನು 1878ರಲ್ಲಿ ಬಿಲ್ಲೆಯ ಯಂತ್ರವನ್ನು ರೂಪಿಸಿದನು. ಎರಡು ನಿಲ್ದಾಣಗಳ ನಡುವೆ ಒಂದು ಕಾಲಕ್ಕೆ ಒಂದೇ ಬಿಲ್ಲೆ ಹೊರಬರುವುದು. ಅದು ಕೈಯಲ್ಲಿಲ್ಲದ ಚಾಲಕನು ಮುಂದೆ ಹೋಗಲಾಗದು. ಅಧಿಕಾರವು ಕಣ್ಣಿಗೆ ಕಾಣುವ ವಸ್ತುವಾದುದು ಹೀಗೆ.

ದೂರವಾಣಿಯು ಬಂದ ಬಳಿಕ ಒಂದೇ ಕಚೇರಿಯಿಂದ ಅನೇಕ ನಿಲ್ದಾಣಗಳನ್ನು ನೋಡಿಕೊಳ್ಳುವ ಪದ್ಧತಿಯು ಬೆಳೆಯಿತು. ಇಂಗ್ಲೆಂಡಿನ ಮಿಡ್ಲೆಂಡ್ ರೈಲ್ವೆಯಲ್ಲಿ ಸಿಸಿಲ್ ಪ್ಯಾಜೆಟ್ 1907ರಿಂದ 1909ರವರೆಗೆ ಇದನ್ನು ಕ್ರಮಪಡಿಸಿದನು. ಕಂಟ್ರೋಲರನ ಮುಂದಿರುವ ನಕ್ಷೆಯಲ್ಲಿ ಕಾಲವು ಅಡ್ಡಲಾಗಿಯೂ ನಿಲ್ದಾಣಗಳು ಮೇಲುಕೆಳಗಾಗಿಯೂ ಇರುವುವು. ಪ್ರತಿಯೊಂದು ಗಾಡಿಯೂ ಓರೆಗೆರೆಯಾಗಿ ಮೂಡುವುದು. ಎರಡು ಗೆರೆಗಳು ಎಲ್ಲಿ ಕೂಡುವುವೆಂದು ಮುಂದಾಗಿಯೇ ಕಂಡು, ಯಾವ ಗಾಡಿಯನ್ನು ಎಲ್ಲಿ ನಿಲ್ಲಿಸಬೇಕೆಂದು ಆತನು ನಿಶ್ಚಯಿಸುವನು. ಆದರೆ ಭಾರತದ ಸಾಂಪ್ರದಾಯಿಕ ಕ್ರಮದಲ್ಲಿ ಸಿಗ್ನಲನ್ನು ಇಳಿಸುವವನು ಸ್ಟೇಷನ್ ಮಾಸ್ತರನೇ, ಗಾಡಿಯನ್ನು ನಿಲ್ಲಿಸುವವನು ಚಾಲಕನೇ. ಕಂಟ್ರೋಲರನು ಅಧಿಕಾರಸೂತ್ರದಂತೆ, ತಾನು ಕಾರ್ಯವನ್ನು ಮಾಡದೆ ಎಲ್ಲರ ಕಾರ್ಯದಲ್ಲಿಯೂ ಅನುವರ್ತಿಸುವನು. ದೂರದ ಕೊಠಡಿಯಿಂದಲೇ ಸಿಗ್ನಲುಗಳನ್ನು ನಡೆಸುವ ಪದ್ಧತಿಯು ಅಮೇರಿಕದ ಓಹಾಯೋದಲ್ಲಿ 1927ರಲ್ಲಿ ಮೊದಲಾಯಿತಾದರೂ, ಅಲ್ಲಿಯೂ ವಿರುದ್ಧವಾದ ಆಜ್ಞೆಯನ್ನು ತಡೆಯುವ ಯಂತ್ರವು ಹಳಿಯ ಬಳಿಯೇ ಉಳಿಯಿತು.

ವಾಡಿಯ ಎಲ್ಲೆಯು ಹಲವು ಬಾರಿ ಬದಲಾಯಿತು. 1951ರಲ್ಲಿ ಎರಡು ಮಾರ್ಗಗಳೂ ಮಧ್ಯ ರೈಲ್ವೆಗೆ ಸೇರಿದುವು. 1966ರಲ್ಲಿ ಸಿಕಂದರಾಬಾದು, ಸೋಲಾಪುರ ವಿಭಾಗಗಳೆರಡೂ ಹೊಸದಾದ ದಕ್ಷಿಣ ಮಧ್ಯ ರೈಲ್ವೆಗೆ ಬಂದುವು. 1977ರಲ್ಲಿ ಸೋಲಾಪುರವು ಮರಳಿ ಮಧ್ಯ ರೈಲ್ವೆಗೆ ಹೋಯಿತು. ಆಡಳಿತದ ಗೆರೆಯು ಹೇಗೆ ಸರಿದರೂ, ಶಹಾಬಾದದ ಕಡೆಯಿಂದ ಬಂದು ಸೇಡಮಿನ ಕಡೆಗೆ ತಿರುಗುವ ಗಾಡಿಯನ್ನು ಒಬ್ಬನು ಒಪ್ಪಿಸಬೇಕು, ಮತ್ತೊಬ್ಬನು ಒಪ್ಪಿಕೊಳ್ಳಬೇಕು ಎಂಬ ಧರ್ಮವು ಬದಲಾಗಲಿಲ್ಲ.

ಇದೇ ಪ್ರಾಂತದಲ್ಲಿ ಮುಂದಣ ಹೆಜ್ಜೆಯೂ ನಡೆಯಿತು. ಈಗ ‘ಕವಚ’ವೆಂದು ಪ್ರಸಿದ್ಧವಾದ ಸ್ವಯಂರಕ್ಷಣೆಯ ಏರ್ಪಾಡನ್ನು ಪ್ರಯಾಣಿಕರ ಗಾಡಿಗಳ ಮೇಲೆ ಪರೀಕ್ಷಿಸುವ ಕಾರ್ಯವು 2016ರ ಫೆಬ್ರವರಿಯಲ್ಲಿ ಮೊದಲಾಯಿತು, ಸೇಡಂ, ಚಿತ್ತಾಪುರಗಳಿರುವ ವಿಕಾರಾಬಾದು–ವಾಡಿ ಮಾರ್ಗವು ಆ ಪರೀಕ್ಷಾಕ್ಷೇತ್ರದಲ್ಲಿ ಸೇರಿತ್ತು. ಎಂಜಿನಿನಲ್ಲಿರುವ ಗಣಕವು ಹಳಿಗಳ ನಡುವಣ ಗುರುತುಗಳನ್ನೋದಿ, ನಿಲ್ದಾಣದೊಡನೆ ರೇಡಿಯೋ ಮೂಲಕ ಸಂಪರ್ಕವಿಟ್ಟುಕೊಂಡು, ಚಾಲಕನು ಮರೆತರೆ ತಾನೇ ಬ್ರೇಕು ಹಾಕುವುದು. ಕೊಠಡಿಯ ಅಪ್ಪಣೆಗೆ ಅದು ಕಾಯದೆಂಬುದೇ ಇಲ್ಲಿ ಮುಖ್ಯವಾದ ಅಂಶ.

ಕಾಯದಿರುವುದು ಯುಕ್ತವೂ ಹೌದು. ಗಡಿಯಾರದಂತಹ ಫಲಕದ ಮೇಲೆ ಅಪರೂಪವಾಗಿ ಕಾಣುವ ವ್ಯತ್ಯಾಸವನ್ನು ಗುರುತಿಸುವ ಶಕ್ತಿಯು ಮನುಷ್ಯನಲ್ಲಿ ಅರ್ಧ ಗಂಟೆಯೊಳಗೇ ಕುಗ್ಗುವುದೆಂದು ನಾರ್ಮನ್ ಮ್ಯಾಕ್‌ವರ್ತ್ 1948ರಲ್ಲಿ ತೋರಿಸಿದನು. ಯಂತ್ರವು ಎಷ್ಟು ಚೆನ್ನಾಗಿ ನಡೆಯುವುದೋ ಕಾಯುವವನ ಅಭ್ಯಾಸವು ಅಷ್ಟು ಸವೆಯುವುದು, ಆದರೂ ಅತ್ಯಂತ ಕಠಿನವಾದ ಗಳಿಗೆಯು ಅವನ ಪಾಲಿಗೇ ಬರುವುದು ಎಂಬ ವೈಪರೀತ್ಯವನ್ನು ಲಿಸಾನ್ ಬೈನ್‌ಬ್ರಿಜ್ 1983ರಲ್ಲಿ ವಿವರಿಸಿದಳು. ಆದುದರಿಂದ ಗೋಡೆಯ ತುಂಬ ತೆರೆಗಳನ್ನು ಹೊಂದಿಸಿದ ಮಾತ್ರಕ್ಕೆ ನಿಯಂತ್ರಣಶಾಲೆಯಾಗದು. ಕಂಟ್ರೋಲರನು ಗೆರೆಯೆಳೆಯುತ್ತ ಮುಂದನ್ನು ಯೋಚಿಸುತ್ತಿದ್ದನು, ಬರಿದೆ ನೋಡುತ್ತಿರಲಿಲ್ಲ.

ದೆಹಲಿ ಮೆಟ್ರೋದಲ್ಲಿ 2020ರ ಡಿಸೆಂಬರಿನಲ್ಲಿ ಚಾಲಕನಿಲ್ಲದ ಓಡಾಟವು ತೊಡಗಿತು. ಅಂತಹ ಓಡಾಟಕ್ಕೆ ಸಜ್ಜಾದ ಬೆಂಗಳೂರಿನ ಹಳದಿ ಮಾರ್ಗವು 2025ರ ಆಗಸ್ಟಿನಲ್ಲಿ ತೆರೆಯಿತು. ಅಮೇರಿಕದ ಫೀನಿಕ್ಸ್ ಪ್ರದೇಶದಲ್ಲಿ 2020ರಿಂದ ಸಾರ್ವಜನಿಕರನ್ನು ಚಾಲಕನಿಲ್ಲದೆ ಒಯ್ಯುತ್ತಿರುವ ವೇಮೊ ಕಾರುಗಳು, ಸಂದೇಹ ಬಂದಲ್ಲಿ ದೂರದ ಪರಿಚಾರಕನನ್ನು ಕೇಳುವುವು. ಆತನು ಸೂಚನೆಯನ್ನು ಕೊಡುವನು, ಚಾಲನೆಯು ಕಾರಿನದೇ. ಹಳೆಯ ಅಧಿಕಾರವಿಭಾಗವೇ ಇಲ್ಲಿ ಮರಳಿ ಬಂದಂತಿದೆ.

ಆದರೆ ರಸ್ತೆಗೆ ಹಳಿಯ ಕಟ್ಟಳೆಯಿಲ್ಲ. ರೈಲಿಲ್ಲದ ಚಿಂಚೋಳಿಯ ಹಾದಿಯಲ್ಲಿ ಎತ್ತಿನ ಬಂಡಿ, ಕುರಿಯ ಹಿಂಡು, ಕಲ್ಲು ಹೇರಿದ ಲಾರಿಗಳಿಗೆ ಯಾವ ಬಿಲ್ಲೆಯೂ ಇಲ್ಲ. ಇಂತಹ ಹಾದಿಗೆ ವಾಹನವನ್ನು ಬಿಡುವವರು, ನಿಲ್ಲುವ ಶಕ್ತಿಯನ್ನು ವಾಹನದಲ್ಲಿಯೇ ಇಟ್ಟು, ಪ್ರತಿಯೊಂದು ಗಳಿಗೆಯಲ್ಲಿಯೂ ಉತ್ತರವಾದಿ ಯಾರೆಂಬುದನ್ನು ರುಜುವಿನೊಡನೆ ಗೊತ್ತುಮಾಡಿರಬೇಕು. ಅವಧಿಯನ್ನರಿಯದ ಅಧಿಕಾರವು ಅಧಿಕಾರವೇ ಅಲ್ಲವೆಂಬುದು ಶಾಸ್ತ್ರಕ್ಕೂ ಸಮ್ಮತ, ವಾಡಿಯ ಅನುಭವಕ್ಕೂ ಸಮ್ಮತ.